ಫೋನಿನಲ್ಲಿ ಬಯಾನ್ ಕೇಳುವ ನಮ್ಮ ಮಕ್ಕಳಿಗೆ

ಮುಂಬಯಿ ಬಳಿಯ ಮೀರಾ ರೋಡಿನ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಅಕ್ಕನ ಮಗ ಸಿಗಡಿ ಗಸಿಯ ತಟ್ಟೆಯನ್ನು ಆಚೆ ಸರಿಸಿದ. "ಮಾಮ, ಇದನ್ನು ತಿನ್ನಬಾರದಂತೆ" ಎಂದು ಫೋನ್ ತೋರಿಸಿದ. ಉರ್ದು ಬಯಾನಿನ, ಅಂದರೆ ಧಾರ್ಮಿಕ ಪ್ರವಚನದ, ಅರ್ಧ ನಿಮಿಷದ ತುಣುಕು. ಸಣ್ಣಂದಿನಿಂದ ತಿಂದದ್ದೆಲ್ಲ ತಪ್ಪಾಯಿತೇ ಎಂಬ ಭಯ ಅವನ ಮುಖದಲ್ಲಿತ್ತು.

ನಾವು ಮಂಗಳೂರು ಕಡೆಯ ಬ್ಯಾರಿಗಳು, ಶಾಫಿ ಮದ್‌ಹಬ್ (ಧರ್ಮಶಾಸ್ತ್ರದ ಪಂಥ) ಹಿಡಿದವರು. ನಮಗೆ ಸಿಗಡಿ ಹಲಾಲ್. ಇನ್ನೊಂದು ಮದ್‌ಹಬ್‌ನವರಾದ ಹನಫಿಗಳಲ್ಲಿ ಕಡಲಿನದ್ದೆಂದರೆ ಮೀನು ಮಾತ್ರ. ಸಿಗಡಿ ಮೀನೋ ಅಲ್ಲವೋ ಎಂದು ಅವರ ಉಲಮಾಗಳಲ್ಲೇ ಚರ್ಚೆಯಿದೆ. ಆ ಮೌಲಾನಾ ಹೇಳಿದ್ದು ತಪ್ಪಲ್ಲ, ತಮ್ಮವರಿಗೆ ಹೇಳಿದ್ದು. ಹಾಗಾಗಿ ಯಾವ ಬಯಾನ್ ಕೇಳಿದರೂ ಮೊದಲು ಇವರು ಯಾವ ಮದ್‌ಹಬ್ ಹಿಡಿದು ಮಾತಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಅಜಾನ್ ಆ್ಯಪಿನಲ್ಲೂ ಅಸರ್ (ಅಪರಾಹ್ನದ ನಮಾಝ್) ಸೆಟ್ಟಿಂಗ್ ನೋಡಿ. ನಡುಹಗಲಿನಲ್ಲಿದ್ದ ನೆರಳಿನ ಉದ್ದವನ್ನು ಬಿಟ್ಟು, ವಸ್ತುವಿನಷ್ಟೇ ನೆರಳಾದಾಗ ಶಾಫಿಗಳಿಗೆ ಅಸರ್, ಹನಫಿಗಳಿಗೆ ಎರಡರಷ್ಟಾದಾಗ.

ತುಣುಕಿನಲ್ಲಿ ಕುರ್‌ಆನಿನ ಆಯತ್ (ವಚನ) ಬಂದರೆ ಸೂರಾದ (ಅಧ್ಯಾಯದ) ಹೆಸರು, ಸಂಖ್ಯೆ ಬರೆದುಕೊಂಡು ಕನ್ನಡ ಅನುವಾದದಲ್ಲಿ ಹಿಂದೆ ಮುಂದೆ ಓದಿ. ಅಲ್-ಮಾಊನ್ ಸೂರಾದ 4ನೇ ಆಯತ್ "ನಮಾಝ್ ಮಾಡುವವರಿಗೆ ವಿನಾಶ" ಎನ್ನುತ್ತದೆ. ಅಲ್ಲಿಗೇ ಕತ್ತರಿಸಿದರೆ ಏನರ್ಥ? ಯಾರ ಬಗ್ಗೆ ಎಂಬುದು 5ನೆಯದರಲ್ಲಿದೆ: ತಮ್ಮ ನಮಾಝಿನ ಬಗ್ಗೆ ಅಲಕ್ಷ್ಯ ತೋರುವವರು.

ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಆದರೆ "ಬುಖಾರಿಯಲ್ಲಿದೆ" ಎಂದರೆ ಸಾಲದು. ಪುನರುಕ್ತಿ ಸೇರಿ ಆ ಹದೀಸ್ ಸಂಗ್ರಹದಲ್ಲಿ 7,000ಕ್ಕೂ ಹೆಚ್ಚು ಹದೀಸ್‌ಗಳಿವೆ, ಸಂಖ್ಯೆ ಬೇಕು. ಬೇರೆ ಗ್ರಂಥಗಳದ್ದಾದರೆ ಸಹೀಹೋ (ದೃಢ), ಹಸನೋ (ಉತ್ತಮ), ಝಈಫೋ (ದುರ್ಬಲ) ಎಂದೂ ಕೇಳಬೇಕು. "ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ" ಎಂಬುದನ್ನು ನಾನೇ ಮದ್ರಸದ ಭಾಷಣದಲ್ಲಿ ಹದೀಸ್ ಎಂದು ಹೇಳಿದ್ದೆ. ಅದು ಬುಖಾರಿಯಲ್ಲೂ ಇಲ್ಲ, ಇನ್ನೊಂದು ಸಂಗ್ರಹವಾದ ಮುಸ್ಲಿಮ್‌ನಲ್ಲೂ ಇಲ್ಲ. ಅದರ ಸನದನ್ನು (ಯಾರಿಂದ ಯಾರಿಗೆ ಬಂತೆಂಬ ಸರಪಳಿಯನ್ನು) ಹೆಚ್ಚಿನ ಹದೀಸ್ ಪಂಡಿತರು ಒಪ್ಪುವುದಿಲ್ಲ. ಪ್ರವಾದಿಯವರ ಹೆಸರಿನಲ್ಲಿ ಆಡುವ ಮಾತು; ಖಚಿತವಿಲ್ಲದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಇಷ್ಟಾದರೂ ಉಳಿದ ಸಂಶಯವನ್ನು ನಿಮ್ಮನ್ನು ಬಲ್ಲ ಉಸ್ತಾದರ (ಧರ್ಮಗುರುಗಳ) ಬಳಿ ಒಯ್ಯಿರಿ. ಫೋನಿನವರು ನಿಮ್ಮ ಮನೆಯ ಪರಿಸ್ಥಿತಿ ಕೇಳಿ ಉತ್ತರಿಸಲಾರರು. ನಾವೂ ಇಶಾ (ರಾತ್ರಿಯ ನಮಾಝ್) ಮುಗಿಸಿ ನಮ್ಮ ಉಸ್ತಾದರ ಬಳಿ ಹೋದೆವು. ಪ್ರಶ್ನೆಯನ್ನು ಹುಡುಗನೇ ಕೇಳಲಿ ಎಂದು ನಾನು ಸುಮ್ಮನಿದ್ದೆ. ಉಸ್ತಾದರು ಕಿತಾಬು ತೆರೆದು, ಸಾಲಿನ ಮೇಲೆ ಬೆರಳಿಟ್ಟು ಓದಿಸಿದರು. ಬರುವಾಗ ಅವನು, "ಹಾಗಾದರೆ ನನ್ನ ಹನಫಿ ದೋಸ್ತ್ ತಿನ್ನದಿರುವುದೂ ಸರಿಯೇ ಅಲ್ವಾ ಮಾಮ?" ಎಂದ.

ಆ ದೋಸ್ತ್ ಊಟಕ್ಕೆ ಬಂದ ದಿನ ಅಕ್ಕ ಬಂಗುಡೆ ಪುಳಿಮುಂಚಿ ಮಾಡಿದಳು.