ಜೇಬಿಗಿಳಿಯುವ ಕ್ಯಾಮೆರಾ: ಪ್ರವಾಸಕ್ಕೆ ಆರಿಸಿಕೊಳ್ಳುವುದು ಹೇಗೆ?

ಹೊಸ ಕ್ಯಾಮೆರಾ ಹುಡುಕುವ ಕೆಲಸವನ್ನು ಹಳೆಯ ಚಿತ್ರಗಳಿಂದಲೇ ಶುರು ಮಾಡಿ. ಕಳೆದ ಎರಡು ಮೂರು ಪ್ರವಾಸಗಳಲ್ಲಿ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ತೆರೆದು, ಬೇಸರ ತಂದವನ್ನು ಮಾತ್ರ ಬೇರೆ ಇಡಿ. ಅವು ಕೆಟ್ಟಿದ್ದು ಏಕೆ? ಸಂಜೆಯ ದೀಪದ ಬೆಳಕಿನಲ್ಲಿ ಮುಖಗಳು ಮೇಣ ಸವರಿದಂತೆ ಕಾಣುತ್ತಿವೆಯೇ? ದೂರದ ಗೋಪುರದ ಕೆತ್ತನೆ ಹಿಗ್ಗಿಸಿದೊಡನೆ ಕಲಸಿಹೋಗುತ್ತದೆಯೇ? ಓಡುವ ಮಗು ಬರೀ ಮಸುಕೇ? ಮೊದಲನೆಯ ದೂರಿಗೆ ದೊಡ್ಡ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್) ಬೇಕು, ಎರಡನೆಯದಕ್ಕೆ ಉದ್ದದ ಜೂಮ್, ಮೂರನೆಯದಕ್ಕೆ ಚುರುಕಾದ ಫೋಕಸ್ ಮತ್ತು ಹೆಚ್ಚು ಬೆಳಕು ಒಳಬಿಡುವ ಲೆನ್ಸ್. ಮೂರೂ ಒಂದೇ ಪುಟ್ಟ ಡಬ್ಬಿಯಲ್ಲಿ ಸಿಗುವುದಿಲ್ಲ. ಬೇಸರ ತಂದ ಚಿತ್ರಗಳೇ ಇಲ್ಲವೆಂದರೆ ಹಣ ಉಳಿಸಿ. ನಿಮಗೆ ಮೊಬೈಲೇ ಸಾಕು.

ಪಟ್ಟಿ ಸಿದ್ಧವಾದ ಮೇಲೆ ಸೆನ್ಸರಿನ ಅಳತೆ ನೋಡಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಮೆಗಾಪಿಕ್ಸೆಲ್. ಆದರೆ ಚಿತ್ರದ ಗುಣವನ್ನು ನಿರ್ಧರಿಸುವುದರಲ್ಲಿ ಹೆಚ್ಚಿನ ಪಾಲು ಸೆನ್ಸರಿನದು, ಅದರ ಮುಂದೆ ಕೂತ ಲೆನ್ಸಿನದು. ಸಾಧಾರಣ ಕಾಂಪ್ಯಾಕ್ಟ್‌ಗಳಲ್ಲಿರುವ 1/2.3 ಇಂಚಿನ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಕಿರುಬೆರಳ ಉಗುರಿಗಿಂತಲೂ ಚಿಕ್ಕದು. ‘ಒಂದು ಇಂಚು’ ಎಂದು ಕರೆಯುವ ಸೆನ್ಸರ್ 13.2 × 8.8 ಮಿ.ಮೀ. ಇರುತ್ತದೆ. ಅದರ ಯಾವ ಬದಿಯೂ ಒಂದು ಇಂಚಿಲ್ಲ, ಮೂಲೆಯಿಂದ ಮೂಲೆಗೆ ಅಳೆದರೂ ಇಲ್ಲ. ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರವ್ಯಾಸದ ಲೆಕ್ಕದಿಂದ ಉಳಿದುಕೊಂಡ ಹೆಸರದು. ಹೆಸರು ಏನೇ ಇರಲಿ, ವಿಸ್ತೀರ್ಣ ಮೊದಲಿನದರ ನಾಲ್ಕು ಪಟ್ಟು. ಎಪಿಎಸ್-ಸಿ ಎಂಬ ಇನ್ನೂ ದೊಡ್ಡ ಸೆನ್ಸರ್ ಇದರ ಸುಮಾರು ಮೂರು ಪಟ್ಟು. ಮಳೆಗೆ ಲೋಟ ಇಡುವುದಕ್ಕೂ ಹರಿವಾಣ ಇಡುವುದಕ್ಕೂ ಇರುವಷ್ಟೇ ವ್ಯತ್ಯಾಸ: ಬೆಳಕು ಹೆಚ್ಚು ಬಿದ್ದಷ್ಟೂ ನೆರಳಿನ ಭಾಗದಲ್ಲಿ ಕಾಣುವ ಮರಳುಮರಳಾದ ಚುಕ್ಕೆಗಳು ಕಡಿಮೆ. ಪ್ರವಾಸಕ್ಕೆಂದೇ ಬೇರೆ ಕ್ಯಾಮೆರಾ ಕೊಳ್ಳುವುದಾದರೆ ಒಂದು ಇಂಚಿಗಿಂತ ಕೆಳಗಿಳಿಯಬೇಡಿ ಎನ್ನುವುದು ನನ್ನ ಗಟ್ಟಿಯಾದ ಸಲಹೆ.

ಇನ್ನು ಲೆನ್ಸ್. ಜೂಮ್ ಎಷ್ಟು ಪಟ್ಟು ಎಂದು ಕೇಳುವುದರ ಜೊತೆಗೆ ಎಫ್ ಸಂಖ್ಯೆಯನ್ನೂ ಓದಿ. ಅದು ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು, ಎಫ್/2.8ರಿಂದ ಎಫ್/5.6ಕ್ಕೆ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಜೂಮ್ ಲೆನ್ಸಿಗೆ ಎರಡು ಸಂಖ್ಯೆಗಳಿರುತ್ತವೆ. ಜನ ಮೊದಲನೆಯದನ್ನು ನೋಡಿ ಖುಷಿಪಡುತ್ತಾರೆ, ದೂರದ ತುದಿಯ ಎರಡನೆಯದನ್ನು ಮರೆಯುತ್ತಾರೆ. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 (2019) 24ರಿಂದ 100 ಮಿ.ಮೀ.ವರೆಗೆ (35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಸಮನಾದ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಎಫ್/1.8ರಿಂದ 2.8ರೊಳಗೇ ಇರುತ್ತದೆ. ಅದೇ ವರ್ಷದ ಸೋನಿ ಆರ್‌ಎಕ್ಸ್100 ಮಾರ್ಕ್ 7 ದುಪ್ಪಟ್ಟು ದೂರಕ್ಕೆ, 200 ಮಿ.ಮೀ.ಗೆ ಕೈಚಾಚುತ್ತದೆ, ಆದರೆ ಎಫ್/2.8ರಿಂದ ಶುರುವಾಗಿ 4.5ಕ್ಕೆ ಹೋಗುತ್ತದೆ. ಎರಡರದ್ದೂ ಒಂದು ಇಂಚಿನ ಸೆನ್ಸರ್, ತೂಕವೂ ಹೆಚ್ಚುಕಡಿಮೆ 300 ಗ್ರಾಂ. ಸಂಜೆಯ ಬೀದಿ ನಿಮ್ಮ ಪ್ರೀತಿಯಾದರೆ ಮೊದಲನೆಯದು, ಬೆಟ್ಟದ ನೆತ್ತಿ ಮತ್ತು ದೂರದ ಮುಖಗಳಾದರೆ ಎರಡನೆಯದು.

ಜೂಮೇ ಇಲ್ಲದ ಕ್ಯಾಮೆರಾವನ್ನು ಮಾತ್ರ ನೋಡದೆ ತಳ್ಳಿಹಾಕಬೇಡಿ. ರಿಕೊ ಜಿಆರ್ 3ರಲ್ಲಿ 28 ಮಿ.ಮೀ.ಗೆ ಸಮನಾದ ಒಂದೇ ನೋಟವಿದೆ. ಹತ್ತಿರದ್ದು ಬೇಕೆಂದರೆ ನೀವೇ ನಡೆದು ಹೋಗಬೇಕು. ಪ್ರತಿಯಾಗಿ ಎಪಿಎಸ್-ಸಿ ಸೆನ್ಸರನ್ನು 257 ಗ್ರಾಂ ತೂಕದಲ್ಲಿ ಜೇಬಿಗೆ ಇಳಿಸಿಕೊಳ್ಳುತ್ತೀರಿ. ಒಂದೇ ಅಳತೆಯ ಲೆನ್ಸಿನೊಂದಿಗೆ ನಾಲ್ಕು ದಿನ ಕಳೆದರೆ ಚೌಕಟ್ಟು ಎಲ್ಲಿ ಮುಗಿಯುತ್ತದೆಂದು ಕ್ಯಾಮೆರಾ ಎತ್ತುವ ಮೊದಲೇ ಕಣ್ಣಿಗೆ ಗೊತ್ತಾಗಿರುತ್ತದೆ. ನನಗೆ ಆ ಸುಖ ಬಹಳ ದೊಡ್ಡದು.

ಈಗ ಒಂದು ರಟ್ಟು, ಕತ್ತರಿ ಹಿಡಿಯಿರಿ. ಮನಸ್ಸಿನಲ್ಲಿರುವ ಮಾದರಿಯ ಅಳತೆಗೆ ಸರಿಯಾಗಿ ಡಬ್ಬಿ ಮಾಡಿ ಒಂದು ದಿನ ಜೇಬಿನಲ್ಲಿಟ್ಟು ಓಡಾಡಿ, ಕೂತು ಏಳಿ, ಮೆಟ್ಟಿಲು ಹತ್ತಿ. ಅಗಲಕ್ಕಿಂತ ದಪ್ಪವೇ ಕಾಡುತ್ತದೆ. ಜಿಆರ್ 3 ಸುಮಾರು 33 ಮಿ.ಮೀ. ದಪ್ಪ, ಬಹಳ ಜನ ಆಸೆಪಡುವ ಫುಜಿಫಿಲ್ಮ್ ಎಕ್ಸ್100 6ನೇ ಆವೃತ್ತಿ (2024) ಸುಮಾರು 55 ಮಿ.ಮೀ. ದಪ್ಪ, 521 ಗ್ರಾಂ ತೂಕ. ಅದು ಅಪ್ಪಟ ಕ್ಯಾಮೆರಾ, ಆದರೆ ಕೊರಳಿಗೆ ತೂಗುವಂಥದ್ದು, ಅಂಗಿಯ ಜೇಬಿನದಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಕತ್ತಲೆಯ ಮೂಲೆಯೊಂದನ್ನು, ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 1600, 3200, 6400ರಲ್ಲಿ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಚಿತ್ರದ ನಡುವಷ್ಟೇ ಅಲ್ಲ, ನಾಲ್ಕು ಮೂಲೆಗಳನ್ನೂ ನೋಡಿ. ಲೆನ್ಸಿನ ಬಡತನ ಬಯಲಾಗುವುದು ಅಲ್ಲಿಯೇ. ಬಿಸಿಲಿಗೆ ಬಂದು ಹಿಂಬದಿಯ ಪರದೆ ಕಾಣುತ್ತದೆಯೇ ಪರೀಕ್ಷಿಸಿ. ಕಾಣದಿದ್ದರೆ ಕಣ್ಣಿಗೆ ಹಿಡಿಯುವ ವ್ಯೂಫೈಂಡರ್ ಇರುವ ಮಾದರಿಯನ್ನೇ ಹುಡುಕಿ.

ಬಳಸಿದ ಕ್ಯಾಮೆರಾ ಕೊಳ್ಳುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಮುಂದೆ ಚಾಚಿ ಒಳಗೆ ಸರಿಯುವ ಲೆನ್ಸ್ ಧೂಳನ್ನೂ ಒಳಗೆಳೆಯುತ್ತದೆ. ಲೆನ್ಸ್ ಬಿಚ್ಚಲು ಬಾರದ ಇಂಥ ಕ್ಯಾಮೆರಾದಲ್ಲಿ ಸೆನ್ಸರಿನ ಮೇಲೆ ಕೂತ ಕಣವನ್ನು ನಾವು ಒರೆಸಲಾರೆವು, ದುರಸ್ತಿಗೇ ಕಳಿಸಬೇಕು. ನಾನು ಹೀಗೆ ಕೊಂಡ ಒಂದರಲ್ಲಿ ಇಡೀ ಪ್ರವಾಸದ ಆಕಾಶಗಳಲ್ಲೆಲ್ಲ, ಬಲಗಡೆ ಮೇಲ್ತುದಿಯಲ್ಲಿ, ಎಳ್ಳಿನಷ್ಟು ಬೂದು ಮಚ್ಚೆ. ಎಫ್ ಸಂಖ್ಯೆಯನ್ನು ಗರಿಷ್ಠಕ್ಕೆ ಏರಿಸಿ ಬಿಳಿ ಗೋಡೆಯ ಚಿತ್ರವೊಂದನ್ನು ಮೊದಲೇ ತೆಗೆದಿದ್ದರೆ ಆ ಮಚ್ಚೆ ಅಂದೇ ಕಾಣುತ್ತಿತ್ತು.

ಪುಟ್ಟ ಕ್ಯಾಮೆರಾದ ಬ್ಯಾಟರಿಯೂ ಪುಟ್ಟದು. ಜಿಆರ್ 3ಕ್ಕೆ ತಯಾರಕರೇ ಹೇಳುವ ಲೆಕ್ಕ ಸುಮಾರು 200 ಚಿತ್ರ. ಹೆಚ್ಚುವರಿ ಬ್ಯಾಟರಿಯನ್ನು ಕ್ಯಾಮೆರಾದ ಜೊತೆಯಲ್ಲೇ ಕೊಳ್ಳಿ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಡಬೇಕು.

ಹೊರಡುವುದಕ್ಕೆ ಎರಡು ವಾರ ಮೊದಲೇ ಕ್ಯಾಮೆರಾ ಕೈಯಲ್ಲಿರಲಿ. ರಾತ್ರಿ ಮನೆಯವರು ಊಟಕ್ಕೆ ಕೂತಾಗ ತೆಗೆದು ನೋಡಿ. ಐಎಸ್‌ಒವನ್ನು ಆಟೊಗೆ ಹಾಕಿ, ಅಂಗಡಿಯ ಪರೀಕ್ಷೆಯಲ್ಲಿ ನಿಮ್ಮ ಕಣ್ಣು ಒಪ್ಪಿದ ಸಂಖ್ಯೆಗೆ ಮಿತಿ ಹಾಕಿ, ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಂತೆ ಕಟ್ಟಿಡಿ. ಕೈನಡುಕವನ್ನು ಸ್ಟೆಬಿಲೈಸರ್ ತಡೆಯಬಲ್ಲದು. ತುತ್ತು ಎತ್ತುವ ಕೈಯನ್ನು, ನಗುತ್ತ ತಿರುಗುವ ಮುಖವನ್ನು ನಿಲ್ಲಿಸುವುದು ಶಟರ್ ಮಾತ್ರ. ಸಾಮಾನ್ಯ ಜೆಪೆಗ್ ಚಿತ್ರದ ಜೊತೆಗೆ, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಟ್ಟುಕೊಳ್ಳುವ ರಾ ಕಡತವನ್ನೂ ಉಳಿಸುವ ಆಯ್ಕೆಯನ್ನು ಅಂದೇ ಒತ್ತಿಬಿಡಿ, ಕತ್ತಲಲ್ಲಿ ಮುಳುಗಿದ ಮುಖವನ್ನು ಆಮೇಲೆ ಮೇಲೆತ್ತಲು ಅದು ಬೇಕಾಗುತ್ತದೆ.