ಸಹಿ ಕೊನೆಗೆ ನೋಡಿ: ಕಣ್ಣು ಕಟ್ಟುವ ಚೌಕಗಳಿಗೆ ಬೆಲೆ ಕಟ್ಟುವುದು ಹೇಗೆ?

ಮಾಟುಂಗಾದಲ್ಲಿ ಸೋದರಮಾವನ ಮನೆಗೆ ಬಣ್ಣ ಬಳಿಸುವಾಗ ಗೋಡೆಯಿಂದ ಒಂದು ಚಿತ್ರ ಕೆಳಗಿಳಿಯಿತು. ಬರೀ ಕಪ್ಪು ಬಿಳಿ ಚೌಕಗಳು. ನಡುವೆ ಅವು ದೊಡ್ಡದಾಗುತ್ತಾ ಹೋಗಿ, ಕಾಗದದೊಳಗಿಂದ ಚೆಂಡೊಂದು ಉಬ್ಬಿ ಬಂದ ಹಾಗೆ ಕಾಣುತ್ತದೆ. ಕೆಳಗೆ ಪೆನ್ಸಿಲ್‌ನಲ್ಲಿ ಓದಲಾಗದ ಹೆಸರು. ನೋಡಿದ ಒಬ್ಬರು ‘ಇದು ವಾಸರೆಲಿಯದ್ದೇ, ಲಕ್ಷಗಟ್ಟಲೆ ಬರುತ್ತೆ’ ಅಂದರು. ಇನ್ನೊಬ್ಬರು ‘ಪೋಸ್ಟರ್ ಅಷ್ಟೇ, ರದ್ದಿಗೆ ಹಾಕಿ’ ಅಂದರು. ಇಬ್ಬರೂ ಫ್ರೇಮ್ ಬಿಚ್ಚಿ ನೋಡಿರಲಿಲ್ಲ.

ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ ನಿಮಗೂ ಇಂಥದ್ದು ಸಿಕ್ಕಿರಬಹುದು. ಎಷ್ಟಕ್ಕೆ ಹೋಗುತ್ತದೆ ಎನ್ನುವ ಮೊದಲು ಯಾರದ್ದು ಎಂದು ತಿಳಿಯಬೇಕು. ಯಾರದ್ದು ಎನ್ನುವ ಮೊದಲು ಹೇಗೆ ಅಚ್ಚಾಗಿದೆ ಎಂದು ನೋಡಬೇಕು.

ಇದು ಆಪ್ ಆರ್ಟ್, ಅಂದರೆ ಗೆರೆ, ಆಕಾರಗಳಿಂದ ಕಣ್ಣಿಗೆ ಭ್ರಮೆ ಹುಟ್ಟಿಸುವ ಕಲೆ. ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ನೆಲೆಸಿದ ವಿಕ್ಟರ್ ವಾಸರೆಲಿ (1906–1997), ಇಂಗ್ಲೆಂಡಿನ ಬ್ರಿಜೆಟ್ ರೈಲಿ ಇದರ ದೊಡ್ಡ ಹೆಸರುಗಳು. 1965ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ ನಡೆದ ಮೇಲೆ ಈ ವಿನ್ಯಾಸ ಬಟ್ಟೆ, ಪೋಸ್ಟರ್, ಜಾಹೀರಾತಿಗೆಲ್ಲ ಹರಡಿತು. ಚೌಕ ಉಬ್ಬಿದ್ದೆಲ್ಲ ವಾಸರೆಲಿ ಆಗುವುದಿಲ್ಲ.

ಮೊದಲು ಚಿತ್ರವನ್ನು ಬೋರಲು ಹಾಕಿ. ಹಿಂದೆ ಫ್ರೇಮ್ ಅಂಗಡಿಯ ಚೀಟಿ ಇದ್ದರೆ ಕೀಳಬೇಡಿ, ಫೋಟೊ ತೆಗೆದುಕೊಳ್ಳಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ಮಾಟುಂಗಾ ಎಂದರೆ ‘ಬಾಂಬೆ 19’, ಆಮೇಲೆ 400019. ನಮ್ಮ ಚೀಟಿಯಲ್ಲಿ ‘ಬಾಂಬೆ 19’ ಎಂದಿತ್ತು, ನನಗೆ ಎದೆ ಹೊಡೆದುಕೊಂಡಿತು! ಆದರೆ ಹಳೇ ಚೀಟಿಗಳನ್ನು ಅಂಗಡಿಯವರು ಖರ್ಚಾಗುವ ತನಕ ಬಳಸುತ್ತಾರೆ ಅಲ್ವಾ? ಮೇಲಾಗಿ ಅದು ಫ್ರೇಮಿನ ವಯಸ್ಸು ಹೇಳುತ್ತದೆ, ಚಿತ್ರದ್ದಲ್ಲ. ಹಳೇ ಬಿಲ್ಲು, ಉಡುಗೊರೆ ಕಾಗದ, ಮನೆಯ ಹಳೇ ಫೋಟೊದಲ್ಲಿ ಗೋಡೆ ಮೇಲೆ ಕಾಣುವ ಚಿತ್ರ, ಎಲ್ಲವೂ ಪುರಾವೆಯೇ.

ಇನ್ನು ಅಚ್ಚು. ಚಿನಿವಾರರು ಬಳಸುವ ಹತ್ತು ಪಟ್ಟಿನ ಭೂತಕನ್ನಡಿ ಸಾಕು. ಬಣ್ಣ ಅಥವಾ ಬೂದು ಇರುವ ಕಡೆ ಸಾಲಾಗಿ ಸಣ್ಣ ಚುಕ್ಕಿಗಳು ಕಂಡರೆ ಅದು ಆಫ್‌ಸೆಟ್, ಅಂದರೆ ಕ್ಯಾಲೆಂಡರ್ ಅಚ್ಚಾಗುವ ವಿಧಾನ. ಚೆಲ್ಲಾಪಿಲ್ಲಿ ಸಿಡಿದಂಥ ಚುಕ್ಕಿಗಳಿದ್ದರೆ ಇಂಕ್‌ಜೆಟ್. ಆಪ್ ಆರ್ಟಿನಲ್ಲಿ ಜಾಸ್ತಿ ಬಳಕೆಯಾದದ್ದು ಸಿಲ್ಕ್ ಸ್ಕ್ರೀನ್, ಅಂದರೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಶಾಯಿ ಒತ್ತಿ ಅಚ್ಚು ಹಾಕುವ ವಿಧಾನ. ಅದರಲ್ಲಿ ಬಣ್ಣ ಒಂದೇ ಸಮನೆ, ಚುಕ್ಕಿ ಇಲ್ಲದೆ ಕೂತಿರುತ್ತದೆ.

ಹಲವರು ಎಡವುವುದು ಇಲ್ಲೇ. ಬರೀ ಕಪ್ಪು ಬಿಳಿ ಚಿತ್ರವಾದರೆ ಆಫ್‌ಸೆಟ್‌ನಲ್ಲೂ ಗಟ್ಟಿ ಕಪ್ಪಿನಲ್ಲಿ ಚುಕ್ಕಿ ಇರುವುದಿಲ್ಲ. ಆಗ ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾಗದದ ಮಟ್ಟಕ್ಕೆ ಹಿಡಿದು ಅಡ್ಡ ಬೆಳಕು ಬಿಡಿ. ಸಿಲ್ಕ್ ಸ್ಕ್ರೀನಿನ ಶಾಯಿ ದಪ್ಪ, ಕಾಗದದ ಮೇಲೆ ತೆಳ್ಳಗಿನ ಪದರದಂತೆ ಎದ್ದು ಕಾಣುತ್ತದೆ. ಎರಡು ಬಣ್ಣ ಸೇರುವಲ್ಲಿ ಒಂದರ ಮೇಲೊಂದು ಹತ್ತಿದ ಸಣ್ಣ ಏಣು ಇರಬಹುದು. ಆಫ್‌ಸೆಟ್ ಶಾಯಿಗೆ ಈ ಮೈ ಇಲ್ಲ. ಇದಕ್ಕೆ ಅರ್ಧ ಗಂಟೆ ಕೊಡಿ, ಅವಸರ ಬೇಡ.

ಈಗ ಸಹಿ. ನಿಜವಾದ ಪೆನ್ಸಿಲ್ ಅಡ್ಡ ಬೆಳಕಿಗೆ ಮಿನುಗುತ್ತದೆ, ಕಾಗದ ಒಂಚೂರು ತಗ್ಗಿರುತ್ತದೆ. ಅಚ್ಚಾದ ಸಹಿ ಹಾಗಲ್ಲ. ಪಕ್ಕದಲ್ಲಿ 45/250 ಎಂದಿದ್ದರೆ 250 ಪ್ರತಿಗಳಲ್ಲಿ ಇದು 45ನೆಯದು. ‘ಇ.ಎ.’ ಎಂದಿದ್ದರೆ ಕಲಾವಿದರ ಸ್ವಂತದ ಪ್ರತಿ. ಪೆನ್ಸಿಲ್ ಅಸಲಿ ಎಂದ ಮಾತ್ರಕ್ಕೆ ಬರೆದ ಕೈ ಕಲಾವಿದನದ್ದೇ ಎನ್ನಲಾಗದು. ದೊಡ್ಡ ಹೆಸರನ್ನು ಯಾರು ಬೇಕಾದರೂ ಗೀಚಬಹುದು. ಅದಕ್ಕೇ ಸಹಿಯನ್ನು ಕೊನೆಗೆ ನೋಡಿ ಎನ್ನುವುದು.

ಹೆಸರೊಂದು ಹೊಳೆದರೆ ಕಾಗದ ಮತ್ತು ಚಿತ್ರ ಎರಡರ ಉದ್ದಗಲವನ್ನೂ ಮಿಲಿಮೀಟರಿನಲ್ಲಿ ಅಳೆದು, ಆ ಕಲಾವಿದರ ಮುದ್ರಣಗಳ ಪಟ್ಟಿಯೊಂದಿಗೆ ತಾಳೆ ನೋಡಿ. ರೈಲಿ ಅವರ ಮುದ್ರಣಗಳಿಗೆ ಇಂಥ ಪೂರ್ತಿ ಪಟ್ಟಿ ಇದೆ. ಅಳತೆ, ವರ್ಷ, ಪ್ರತಿಗಳ ಸಂಖ್ಯೆ ಮೂರೂ ಕೂಡಬೇಕು.

ಮುಂಬಯಿಯ ಮಳೆಗಾಲ ಕಾಗದಕ್ಕೆ ಶತ್ರು. ಕಂದು ಚುಕ್ಕೆ, ಅಲೆಯಾದ ಕಾಗದ, ಅಗ್ಗದ ರಟ್ಟಿನಿಂದ ಅಂಚಿಗೆ ಬಿದ್ದ ಕಂದು ಗೆರೆ ಬೆಲೆ ಇಳಿಸುತ್ತವೆ. ಫ್ರೇಮಿಗೆ ಕೂರಲೆಂದು ಅಂಚು ಕತ್ತರಿಸಿದ್ದರೆ ಇನ್ನೂ ಇಳಿಯುತ್ತದೆ. ನೀವೇ ಒರೆಸಲು, ಇಸ್ತ್ರಿ ಹಾಕಲು ದಯವಿಟ್ಟು ಹೋಗಬೇಡಿ.

ಬೆಲೆಗೆ ಅಂಗಡಿಯವರು ಕೇಳುವ ದರ ಬೇಡ, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ದರ ನೋಡಿ. ಮುಂಬಯಿಯ ಸ್ಯಾಫ್ರನ್‌ಆರ್ಟ್‌ನಂಥವರು ಫಲಿತಾಂಶ ಪ್ರಕಟಿಸುತ್ತಾರೆ. ಅಲ್ಲಿ ಪದಗಳನ್ನು ನಿಧಾನವಾಗಿ ಓದಿ. ‘ಇವರದ್ದು’, ‘ಇವರದ್ದೆನ್ನಲಾದದ್ದು’, ‘ಇವರ ಶೈಲಿಯದ್ದು’ ಮೂರಕ್ಕೂ ಬೆಲೆ ಬೇರೆ ಬೇರೆ. ಕರ್ತೃ ಖಚಿತವಾಗದಿದ್ದರೆ ಗೋಡೆಯ ಅಲಂಕಾರದ ಬೆಲೆಯನ್ನೇ ಹಿಡಿಯಿರಿ.

ಮಾವನ ಚಿತ್ರ ಸಿಲ್ಕ್ ಸ್ಕ್ರೀನ್ ಎಂದು ತಿಳಿಯಿತು, ಪೆನ್ಸಿಲ್ಲೂ ನಿಜವಾದದ್ದೇ. ಅಳತೆ ಮಾತ್ರ ಎಲ್ಲೂ ಕೂಡಲಿಲ್ಲ. ‘ಕಲಾವಿದರು ತಿಳಿದಿಲ್ಲ, ಸಿಲ್ಕ್ ಸ್ಕ್ರೀನ್, ಫ್ರೇಮ್ ಬಾಂಬೆ 19’ ಎಂದು ಬರೆದು ಚೀಟಿಯ ಫೋಟೊ ಜೊತೆ ಕವರಿನಲ್ಲಿಟ್ಟೆವು. ಅತ್ತೆ ಆಮ್ಲವಿಲ್ಲದ ರಟ್ಟು ಹಾಕಿಸಿ, ಬಿಸಿಲು ತಾಗದ ಗೋಡೆಗೆ ಮತ್ತೆ ತೂಗು ಹಾಕಿದ್ದಾರೆ.