ಗ್ರಾಫಿಕ್ ಡಿಸೈನ್‌ಗೆ ಕಂಪ್ಯೂಟರ್ ಕೊಳ್ಳುವಾಗ ಮೊದಲು ಮಾನಿಟರ್ ನೋಡಿ

ಗ್ರಾಫಿಕ್ ಡಿಸೈನ್ ಕೆಲಸಕ್ಕೆಂದು ಕಂಪ್ಯೂಟರ್ ಕೊಳ್ಳಲು ಹೊರಟವರಲ್ಲಿ ಅನೇಕರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಸುರಿದು, ಕೈಯಲ್ಲಿ ಉಳಿದದ್ದರಲ್ಲಿ ಮಾನಿಟರ್ ಮುಗಿಸಿಬಿಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡುವುದೇ ಸರಿ. ಯಂತ್ರ ನಿಧಾನವಾದರೆ ಹೆಚ್ಚೆಂದರೆ ಸಮಯ ಹೋಗುತ್ತದೆ. ಬಣ್ಣವನ್ನು ತಪ್ಪಾಗಿ ತೋರಿಸುವ ಪರದೆಯ ಮುಂದೆ ಕುಳಿತು ಮಾಡಿದ ಕೆಲಸದ ದೋಷವಾದರೋ, ಅದು ಅಚ್ಚಾಗಿ ಕೈಗೆ ಬರುವವರೆಗೂ ವಿನ್ಯಾಸಕಾರರ ಗಮನಕ್ಕೇ ಬರುವುದಿಲ್ಲ.

ಮೊದಲಿಗೆ, ನಿಮ್ಮ ಕೆಲಸ ಕೊನೆಗೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಜಾಲತಾಣ, ಮೊಬೈಲ್ ಮತ್ತು ಸಾಮಾಜಿಕ ಮಾಧ್ಯಮಗಳಿಗೆ ಮಾತ್ರ ವಿನ್ಯಾಸ ಮಾಡುವವರಿಗೆ, 1996ರಲ್ಲಿ ರೂಪುಗೊಂಡು ಇಂದಿಗೂ ಸಾಮಾನ್ಯ ಮಾನದಂಡವಾಗಿರುವ ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯನ್ನು (ಪರದೆ ತೋರಿಸಬಲ್ಲ ಬಣ್ಣಗಳ ಹರವನ್ನು) ಹೆಚ್ಚುಕಡಿಮೆ ಪೂರ್ತಿಯಾಗಿ ತೋರಿಸುವ ಮಾನಿಟರ್ ಸಾಕು. ಮುದ್ರಣದ ಕೆಲಸ ಹೆಚ್ಚಿದ್ದರೆ, ಎಸ್‌ಆರ್‌ಜಿಬಿಗೆ ನಿಲುಕದ ಕೆಲವು ಹಸಿರು ಮತ್ತು ಸಯಾನ್ ಛಾಯೆಗಳನ್ನೂ ಒಳಗೊಳ್ಳುವ ಅಡೋಬ್ ಆರ್‌ಜಿಬಿ ವ್ಯಾಪ್ತಿ ಬೇಕಾಗುತ್ತದೆ. ವ್ಯಾಪ್ತಿ ದೊಡ್ಡದಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ವರ್ಣ ನಿರ್ವಹಣೆ, ಅಂದರೆ ಚಿತ್ರದ ಬಣ್ಣವನ್ನು ಪರದೆಗೆ ತಕ್ಕಂತೆ ಹೊಂದಿಸುವ ವ್ಯವಸ್ಥೆ ಇಲ್ಲದ ಸಾಫ್ಟ್‌ವೇರಿನಲ್ಲಿ ತೆರೆದ ಸಾಮಾನ್ಯ ಚಿತ್ರಗಳು ಇಂಥ ಪರದೆಯ ಮೇಲೆ ಅಸಹಜವಾಗಿ ಗಾಢವಾಗಿ ಕಾಣುತ್ತವೆ. ಆದ್ದರಿಂದ ಅಗಲ ವ್ಯಾಪ್ತಿಯ ಮಾನಿಟರ್ ಕೊಳ್ಳುವವರು ಅದರಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯೇ ಎಂದು ವಿಚಾರಿಸಲೇಬೇಕು.

ಮುಂದಿನದು ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಪರದೆಯ ಫಲಕ. ಟಿಎನ್, ವಿಎ, ಓಎಲ್‌ಇಡಿ, ಐಪಿಎಸ್ ಅದರ ಬಗೆಗಳು. ಟಿಎನ್ ಪ್ಯಾನೆಲ್‌ನಲ್ಲಿ ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುವುದರಿಂದ ಅದನ್ನು ಕೈಬಿಡಿ. ವಿಎ ಪ್ಯಾನೆಲ್‌ನ ಕಪ್ಪು ಚೆನ್ನಾಗಿರುತ್ತದೆ, ಆದರೆ ಓರೆಯಿಂದ ನೋಡಿದಾಗ ಛಾಯೆ ಮಾಸುತ್ತದೆ. ಓಎಲ್‌ಇಡಿ ನೋಡಲು ಸೊಗಸು. ಒಂದೇ ಜಾಗದಲ್ಲಿ ದಿನವಿಡೀ ನಿಲ್ಲುವ ಟೂಲ್‌ಬಾರ್‌ಗಳ ಗುರುತು ಕಾಲಕ್ರಮೇಣ ಪರದೆಯಲ್ಲಿ ಉಳಿದುಬಿಡುವ ಅಪಾಯ ಅದಕ್ಕಿದೆ. ಹೆಚ್ಚಿನವರಿಗೆ ಐಪಿಎಸ್ ಸರಿಹೋಗುತ್ತದೆ. ಬಣ್ಣದ ತಪ್ಪನ್ನು ಅಳೆಯುವ ಡೆಲ್ಟಾ ಇ ಅಂಕಿ ವಿವರಪಟ್ಟಿಯಲ್ಲಿ 2ಕ್ಕಿಂತ ಕಡಿಮೆ ಇರಲಿ.

ಅಂಕಿಗಳನ್ನಷ್ಟೇ ನಂಬಿ ಕೂರಬೇಕಾಗಿಲ್ಲ. ಕಪ್ಪಿನಿಂದ ಬಿಳಿಗೆ ನಯವಾಗಿ ತಿರುಗುವ ಒಂದು ಗ್ರೇಡಿಯಂಟ್ ಪಟ್ಟಿಯನ್ನೂ, ಪೂರ್ತಿ ತಿಳಿಬೂದು ಬಣ್ಣದ ಒಂದು ಪುಟವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯ ಮಾನಿಟರ್‌ನಲ್ಲಿ ತೆರೆಸಿ ನೋಡಿ. ಪಟ್ಟಿಯಲ್ಲಿ ಮೆಟ್ಟಿಲುಗಳಂತೆ ಗೆರೆಗಳು ಕಂಡರೆ, ಅಥವಾ ನಡುನಡುವೆ ಗುಲಾಬಿ ಇಲ್ಲವೇ ಹಸಿರು ಛಾಯೆ ಇಣುಕಿದರೆ, ಆ ಪರದೆ ನಿಮಗಲ್ಲ. ಬೂದು ಪುಟದ ನಾಲ್ಕು ಮೂಲೆಗಳೂ ನಡುಭಾಗದಷ್ಟೇ ಬೆಳಗುತ್ತಿವೆಯೇ ಎಂಬುದನ್ನು ಗಮನಿಸಿ. ಅಂಗಡಿಯವರು ಸಾಮಾನ್ಯವಾಗಿ ಕಣ್ಣು ಕೋರೈಸುವ ಮೋಡ್‌ನಲ್ಲೇ ಪರದೆಯನ್ನು ಇಟ್ಟಿರುತ್ತಾರೆ. ಮೊದಲು ಅದನ್ನು ಬದಲಿಸಲು ಹೇಳಿ.

ಗಾತ್ರದ ವಿಷಯಕ್ಕೆ ಬಂದರೆ, 27 ಇಂಚಿನಲ್ಲಿ 2560×1440 ಪಿಕ್ಸೆಲ್‌ಗಳಿದ್ದರೆ ಇಂಚಿಗೆ ಸುಮಾರು 109 ಪಿಕ್ಸೆಲ್ ದೊರೆತು ಅಕ್ಷರಗಳೂ ಚಿತ್ರಗಳೂ ಹದವಾಗಿ ಕಾಣುತ್ತವೆ. ಅದೇ ಗಾತ್ರದ ಫುಲ್ ಎಚ್‌ಡಿ ಪರದೆ ಒರಟು. ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ 144 ಹರ್ಟ್ಸ್ ಎಂಬ ಆಮಿಷ ಆಟವಾಡುವವರಿಗೆ. ಇಲ್ಲಿ 60 ಹರ್ಟ್ಸ್ ಸಾಕು.

ಇನ್ನು ಕಂಪ್ಯೂಟರ್. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ತೆರೆದ ಕೆಲಸವನ್ನು ಹಿಡಿದಿಡುವ ಸ್ಮೃತಿಯಾದ ರ‍್ಯಾಮ್, ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಸಾಂದ್ರತೆಯ ಒಂದು ಎ4 ಪುಟವೆಂದರೆ 2480×3508 ಪಿಕ್ಸೆಲ್. ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 8 ಬಿಟ್ ಹಿಡಿಯುವ 8 ಬಿಟ್ ಆರ್‌ಜಿಬಿಯಲ್ಲಿ ಅದರ ಒಂದು ತುಂಬಿದ ಪದರವೇ ಸುಮಾರು 26 ಎಂಬಿ. 16 ಬಿಟ್ ಆದರೆ ಇದು ಇಮ್ಮಡಿ, ಎ2 ಪೋಸ್ಟರ್ ಆದರೆ ನಾಲ್ಕು ಪಟ್ಟು. ಅದರ ಮೇಲೆ ಹತ್ತಾರು ಪದರಗಳು, ಹಿಂದಿನ ಹಂತಗಳ ನೆನಪು, ಪಕ್ಕದಲ್ಲಿ ತೆರೆದ ಇನ್ನೊಂದು ಸಾಫ್ಟ್‌ವೇರ್ ಸೇರಿದರೆ 16 ಜಿಬಿ ಬೇಗನೆ ತುಂಬುತ್ತದೆ. 32 ಜಿಬಿ ಇದ್ದರೆ ನೆಮ್ಮದಿ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸೆದಿರುವುದರಿಂದ, ಮುಂದೆ ಹಾಕಿಸಿಕೊಳ್ಳೋಣವೆಂಬ ಯೋಚನೆ ಅಲ್ಲಿ ನಡೆಯದು. ರ‍್ಯಾಮ್ ತುಂಬಿದಾಗ ಫೋಟೋಶಾಪ್ ಡಿಸ್ಕನ್ನು ತಾತ್ಕಾಲಿಕ ಸ್ಮೃತಿಯಾಗಿ ಬಳಸುತ್ತದೆ, ಹಾಗಾಗಿ ವೇಗದ ಸಂಗ್ರಹಣಾ ಡಿಸ್ಕ್ ಆದ ಎನ್‌ವಿಎಂಇ ಎಸ್‌ಎಸ್‌ಡಿ ಬೇಕು, ಅದರಲ್ಲಿ ಖಾಲಿ ಜಾಗವೂ ಬೇಕು. ಪ್ರೊಸೆಸರ್‌ನಲ್ಲಿ ಕೋರ್‌ಗಳ ಸಂಖ್ಯೆಗಿಂತ ಪ್ರತಿ ಕೋರ್‌ನ ವೇಗವನ್ನು ನೋಡಿ. ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದಾದರೂ ನಡೆಯುತ್ತದೆ. 3ಡಿ ಅಥವಾ ವಿಡಿಯೊ ಮಾಡುವವರ ಮಾತು ಬೇರೆ. ಇನ್ನೂ ಹೆಚ್ಚು ಪಿಕ್ಸೆಲ್‌ಗಳ (3840×2160) 4ಕೆ ಪರದೆ ಆರಿಸಿಕೊಂಡವರು ಮಾನಿಟರ್ ಜೋಡಿಸುವ ಪೋರ್ಟ್ ಪರೀಕ್ಷಿಸಿ, ಏಕೆಂದರೆ ಹಳೆಯ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ಸೀಮಿತವಾಗಿ, ಮೌಸಿನ ಗುರುತು ಎಳೆದಾಡಿದಂತೆ ಚಲಿಸುತ್ತದೆ.

ಮನೆಗೆ ತಂದ ಮೇಲೆ ಮಾನಿಟರ್‌ನ ದೃಶ್ಯಕ್ಕೆ ತಕ್ಕಂತೆ ಬೆಳಕನ್ನು ತಾನೇ ಬದಲಿಸುವ ಡೈನಾಮಿಕ್ ಕಾಂಟ್ರಾಸ್ಟನ್ನೂ, ಕಂಪ್ಯೂಟರ್‌ನ ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟನ್ನೂ ಆಫ್ ಮಾಡಿ. ಪರದೆಯನ್ನು ಅರ್ಧ ಗಂಟೆ ಬೆಳಗಿಸಿಟ್ಟು, ಪರದೆಯ ಬಣ್ಣವನ್ನು ಅಳೆದು ಸರಿಪಡಿಸುವ ಕ್ಯಾಲಿಬ್ರೇಷನ್ ಸಾಧನದಿಂದ ಬಿಳಿಯ ಛಾಯೆಯನ್ನು 6500 ಕೆಲ್ವಿನ್‌ಗೂ, ನಡುಛಾಯೆಗಳ ಬೆಳಕನ್ನು ನಿರ್ಧರಿಸುವ ಗಾಮಾವನ್ನು 2.2ಕ್ಕೂ ಹೊಂದಿಸಿ, ಸಾಧನ ಸ್ವಂತಕ್ಕೆ ಬೇಡವೆನಿಸಿದರೆ ಒಂದೆರಡು ದಿನಕ್ಕೆ ಯಾರಿಂದಲಾದರೂ ಪಡೆದರೂ ಆದೀತು. ಪರದೆಯ ಬೆಳಕು ಅತಿಯಾಗಿದ್ದರೆ ಮುದ್ರಿತ ಪ್ರತಿ ಕಪ್ಪಾಗಿ ಬಂತೆಂಬ ದೂರು ತಪ್ಪದು, ಆದ್ದರಿಂದ ಅದನ್ನು ಪ್ರತಿ ಚದರ ಮೀಟರ್‌ಗೆ 100ರಿಂದ 120 ಕ್ಯಾಂಡೆಲಾ ಆಸುಪಾಸಿಗೆ ಇಳಿಸಿ. ಮುದ್ರಣಕ್ಕೆ ಹೋಗುವ ಕೆಲಸವಾದರೆ, ಮುದ್ರಕರಿಂದ ಅವರು ಬಳಸುವ ಕಾಗದ ಮತ್ತು ಯಂತ್ರಕ್ಕೆ ತಕ್ಕ ಐಸಿಸಿ ಪ್ರೊಫೈಲ್ (ಬಣ್ಣದ ವಿವರಗಳ ಕಡತ) ಕೇಳಿ ಪಡೆದು, ಕಡತ ಕಳುಹಿಸುವ ಮುನ್ನ ಅಚ್ಚು ಹೇಗೆ ಬರುವುದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ಸೌಲಭ್ಯದಲ್ಲಿ ಹಾಕಿ ನೋಡಿಕೊಳ್ಳಿ.